ಇನ್ವರ್ಟರ್ ಬ್ಯಾಟರಿಯ ಬಾಯಾರಿಕೆ

ಕರೆಂಟು ಹೋದರೂ ಫ್ಯಾನು ತಿರುಗುತ್ತಿರುವಷ್ಟು ದಿನ ಮನೆಯವರಿಗೆ ಬ್ಯಾಟರಿಯ ನೆನಪಿರುವುದಿಲ್ಲ. ಮೂರು ಗಂಟೆ ಬರುತ್ತಿದ್ದ ಬ್ಯಾಕಪ್ ಮುಕ್ಕಾಲು ಗಂಟೆಗೆ ಇಳಿದಾಗಲೇ ಮೆಟ್ಟಿಲ ಕೆಳಗಿನ ಆ ಪೆಟ್ಟಿಗೆಯತ್ತ ಕಣ್ಣು ಹೋಗುವುದು. ಹೊಸದನ್ನು ತರುವ ಮುನ್ನ ಹಳೆಯದಕ್ಕೆ ಏನಾಗಿದೆ ಎಂದು ನೋಡಬೇಕು. ಎಷ್ಟೋ ಬ್ಯಾಟರಿಗಳು ವಯಸ್ಸಾಗುವ ಮುಂಚೆಯೇ ನೀರಿಲ್ಲದೆ ಸೊರಗಿರುತ್ತವೆ.

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ–ಆಮ್ಲ ಬ್ಯಾಟರಿಯ ತತ್ವವೇ ಇಂದಿಗೂ ನಮ್ಮ ಮನೆಗಳಲ್ಲಿ ದುಡಿಯುತ್ತಿದೆ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದರಲ್ಲೂ ಸೀಸದ ಫಲಕಗಳು, ಅವು ಮುಳುಗುವಷ್ಟು ನೀರು ಬೆರೆತ ಗಂಧಕಾಮ್ಲ. ವಿದ್ಯುತ್ ಕೊಡುವಾಗ ಆಮ್ಲದಲ್ಲಿನ ಸಲ್ಫೇಟ್ ಫಲಕಗಳಿಗೆ ಅಂಟಿ ದ್ರವ ತೆಳುವಾಗುತ್ತದೆ. ಚಾರ್ಜ್ ಆಗುವಾಗ ಮರಳಿ ದ್ರವಕ್ಕೆ ಸೇರುತ್ತದೆ. ಚಾರ್ಜು ತುಂಬುತ್ತ ಬಂದಂತೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ.

ಕಡಿಮೆಯಾಗುವುದು ನೀರು, ಆಮ್ಲವಲ್ಲ. ಆದ್ದರಿಂದ ತುಂಬಬೇಕಾದದ್ದೂ ನೀರನ್ನೇ, ಅದರಲ್ಲೂ ಡಿಸ್ಟಿಲ್ಡ್ ವಾಟರನ್ನು ಮಾತ್ರ. ಬೋರ್‌ವೆಲ್ ನೀರಿನ ಕಬ್ಬಿಣ, ಕ್ಲೋರೈಡ್‌ಗಳು ಫಲಕಗಳಿಗೆ ಹಾನಿ ಮಾಡುತ್ತವೆ. ಕುಡಿಯುವ ಬಾಟಲಿ ನೀರಿನಲ್ಲೂ ಲವಣಗಳಿರುವುದರಿಂದ ಅದೂ ಬೇಡ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ನೀರಿನ ಮಟ್ಟ ನೋಡಬೇಕು. ಫಲಕ ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟೇ ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಬೇಕು. ಮೊದಲೇ ಭರ್ತಿ ಮಾಡಿದರೆ ಚಾರ್ಜಿನ ವೇಳೆ ಆಮ್ಲ ಉಕ್ಕಿ ಚೆಲ್ಲುತ್ತದೆ.

ಬಾಯಾರಿಕೆಯಷ್ಟೇ ಕೆಟ್ಟದ್ದು ಹಸಿವು. ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಫಲಕದ ಮೇಲಿನ ನುಣುಪಾದ ಸೀಸದ ಸಲ್ಫೇಟ್ ದಪ್ಪ ಹರಳಾಗಿ ಗಟ್ಟಿಯಾಗುತ್ತದೆ. ಇದೇ ಸಲ್ಫೇಶನ್. ಹೆಚ್ಚು ದಿನಕ್ಕೆ ಮನೆಗೆ ಬೀಗ ಹಾಕಿ ಊರಿಗೆ ಹೊರಡುವವರು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟು ಹೋಗುವುದು ಇದಕ್ಕಾಗಿಯೇ.

ಹರಳು ಇನ್ನೂ ಬಲಿತಿಲ್ಲವೆಂದರೆ ಚೇತರಿಕೆ ಸಾಧ್ಯ. ಬ್ಯಾಟರಿ ಅಂಗಡಿಯವರು ಕಡಿಮೆ ಕರೆಂಟಿನಲ್ಲಿ, 150 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 7 ಆಂಪಿಯರಿನಂತೆ, ಒಂದು ದಿನಕ್ಕೂ ಮಿಕ್ಕಿ ನಿಧಾನವಾಗಿ ಚಾರ್ಜ್ ಮಾಡುತ್ತಾರೆ. ನಡುನಡುವೆ ಹೈಡ್ರೋಮೀಟರಿನಿಂದ ಪ್ರತಿ ಕೋಶದ ‘ಗ್ರಾವಿಟಿ’, ಅಂದರೆ ದ್ರವದ ಸಾಪೇಕ್ಷ ಸಾಂದ್ರತೆ, ನೋಡುತ್ತಾರೆ. ತುಂಬಿದ ಕೋಶದಲ್ಲಿ ಅದು ಬ್ಯಾಟರಿಯ ಬಗೆಗೆ ತಕ್ಕಂತೆ ಸುಮಾರು 1.24ರಿಂದ 1.28, ಬರಿದಾದಾಗ 1.15ರ ಆಸುಪಾಸು. ಆರೂ ಕೋಶಗಳು ಸಮನಾಗಿ ಏರಿದರೆ ಬ್ಯಾಟರಿ ಉಳಿಯಿತೆಂದೇ ಅರ್ಥ. ಐದು ಏರಿ ಒಂದು ಮಾತ್ರ ಕೆಳಗೇ ನಿಂತರೆ ಆ ಕೋಶದೊಳಗೆ ಶಾರ್ಟ್ ಆಗಿರಬಹುದು, ಇಲ್ಲವೇ ಫಲಕದ ಲೇಪ ಉದುರಿರಬಹುದು. ಉದುರಿದ ಲೇಪವನ್ನು ಮರಳಿ ಅಂಟಿಸುವ ಪುಡಿಯಾಗಲಿ ದ್ರವವಾಗಲಿ ಇಲ್ಲ. ಹೆಚ್ಚುವರಿ ಆಮ್ಲ ಸುರಿದರೆ ರೀಡಿಂಗ್ ಏರುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಫಲಕ ಬೇಗ ಸವೆಯುತ್ತದೆ.

ಮುಚ್ಚಳ ತೆರೆಯುವಾಗ ಇನ್ವರ್ಟರ್ ಆಫ್ ಆಗಿರಲಿ, ಕಿಟಕಿ ತೆರೆದಿರಲಿ, ಹತ್ತಿರ ಊದುಬತ್ತಿಯೂ ಬೇಡ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ಕನ್ನಡಕ, ರಬ್ಬರ್ ಕೈಗವಸು ಹಾಕಿ, ಬಳೆ–ಉಂಗುರ ತೆಗೆದಿಡಬೇಕು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡುಗೆ ಸೋಡಾ ಉದುರಿಸಬೇಕು. ಟರ್ಮಿನಲ್‌ಗೆ ಹತ್ತಿದ ಬಿಳಿ–ಹಸಿರು ಕಿಲುಬನ್ನು ಸೋಡಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಬೇಕು.

ಕೊನೆಗೂ ಚೇತರಿಸದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಒಂದಿಷ್ಟು ಇಳಿಯುತ್ತದೆ. ಅದರ ಸೀಸ ಕರಗಿ ಮತ್ತೊಂದು ಬ್ಯಾಟರಿಯ ಫಲಕವಾಗುತ್ತದೆ.