ಮೇಲಿನಿಂದ ಬೆಳೆಯ ಚಿತ್ರ: ಕ್ಯಾಮೆರಾ ಕೂರುವ ತೊಟ್ಟಿಲನ್ನು ಮೊದಲು ನೋಡಿ

ಬದುವಿನ ಮೇಲೆ ನಿಂತರೆ ಗದ್ದೆಯ ಅಂಚಿನ ನಾಲ್ಕು ಸಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ನಡುವೆ ಎಲ್ಲಿ ಪೈರು ಮಲಗಿದೆ, ಎಲ್ಲಿ ಹಳದಿ ತಿರುಗಿದೆ ಎಂಬುದು ತಿಳಿಯಲು ಮೇಲಿನಿಂದಲೇ ನೋಡಬೇಕು. ಜಪಾನಿನ ಯಮಹಾ ಕಂಪನಿಯು ಗದ್ದೆಗೆ ಔಷಧಿ ಸಿಂಪಡಿಸಲೆಂದು 1987ರಲ್ಲಿ ಆರ್-50 ಎಂಬ ಚಾಲಕರಹಿತ ಹೆಲಿಕಾಪ್ಟರನ್ನು ಹೊರತಂದಿತು. ಅದರ ನಂತರದ ಆರ್‌ಮ್ಯಾಕ್ಸ್, 2000ದಲ್ಲಿ ಉಸು ಜ್ವಾಲಾಮುಖಿ ಸಿಡಿದಾಗ ಕ್ಯಾಮೆರಾ ಹೊತ್ತು ಹಾರಿತು. ಇಂದು ಹಲವು ರೆಕ್ಕೆಗಳ ಡ್ರೋನ್‌ಗಳು ಬಾಡಿಗೆಗೂ ದೊರೆಯುತ್ತವೆ. ಯಂತ್ರ ಯಾವುದೇ ಇರಲಿ, ಚಿತ್ರ ಮಸುಕಾದರೆ ಕೊಟ್ಟ ಹಣ ದಂಡ.

ಹೆಲಿಕಾಪ್ಟರಿನ ದೊಡ್ಡ ರೆಕ್ಕೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ ಎನ್ನಿ. ಅಂದರೆ ಸೆಕೆಂಡಿಗೆ 25 ಸುತ್ತು; ಎರಡು ರೆಕ್ಕೆಯಾದರೆ 50 ಬಡಿತ. ಈ ನಡುಕ ಕ್ಯಾಮೆರಾಕ್ಕೆ ತಲುಪಿದರೆ ಏನಾದೀತು? 50 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಬರೇ ಒಂದು ಡಿಗ್ರಿ ವಾಲಿದರೆ ನೆಲದ ಮೇಲೆ ನೋಟ ಸುಮಾರು 87 ಸೆಂಟಿಮೀಟರ್ ಸರಿಯುತ್ತದೆ. ಒಂದು ಡಿಗ್ರಿಯ ಹತ್ತನೇ ಒಂದು ಪಾಲು ನಡುಗಿದರೂ ಸುಮಾರು 9 ಸೆಂಟಿಮೀಟರ್. ಎಲೆಯ ಮೇಲಿನ ಚುಕ್ಕೆ ಕಾಣುವ ಮಾತೇ ಇಲ್ಲ.

ಆದ್ದರಿಂದ ಕ್ಯಾಮೆರಾವನ್ನು ಒಡಲಿಗೆ ಬಿಗಿಯಾಗಿ ತಿರುಪು ಹಾಕಿ ಕೂರಿಸಬಾರದು. ನಡುವೆ ಮೆದು ರಬ್ಬರ್ ಗುಂಡುಗಳ ತೊಟ್ಟಿಲಿರಬೇಕು. ಗಟ್ಟಿ ರಬ್ಬರ್ ನಡುಕವನ್ನು ಹಾಗೆಯೇ ದಾಟಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ತೊಟ್ಟಿಲಿನ ಸ್ವಂತ ತೂಗಾಟವೂ ರೆಕ್ಕೆಯ ಬಡಿತವೂ ಹೊಂದಿಕೊಂಡರೆ ನಡುಕ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಭಾರದ ಕ್ಯಾಮೆರಾಕ್ಕೆ ಒಗ್ಗಿದ ರಬ್ಬರ್ ಹಗುರ ಕ್ಯಾಮೆರಾಕ್ಕೆ ಗಟ್ಟಿಯಾಗಿ ಬಿಡುತ್ತದೆ. ಕ್ಯಾಮೆರಾ ಬದಲಿಸಿದರೆ ರಬ್ಬರನ್ನೂ ಬದಲಿಸಬೇಕು. ಬಹಳ ಮಂದಿ ಮರೆಯುವುದು ತಂತಿಯನ್ನು. ಮೆತ್ತನೆಯ ತೊಟ್ಟಿಲಿಗೆ ಸೆಟೆದ ತಂತಿ ಜೋಡಿಸಿದರೆ ನಡುಕ ಅದರ ಮೂಲಕವೇ ಇಳಿದು ಬರುತ್ತದೆ. ತಂತಿ ಸಡಿಲವಾಗಿ ಬಾಗಿರಲಿ. ರಬ್ಬರ್ ಕಿತ್ತುಬಂದರೆ ಕ್ಯಾಮೆರಾ ಬೀಳದಂತೆ ಒಂದು ಗಟ್ಟಿ ದಾರವನ್ನೂ ಕಟ್ಟಿಸಿ.

ಆದರೆ ರಬ್ಬರ್ ಎಲ್ಲಕ್ಕೂ ಮದ್ದಲ್ಲ. ರೆಕ್ಕೆಗಳ ತೂಕ ಸಮವಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಗಾಳಿಗೆ ಯಂತ್ರವೇ ನಿಧಾನವಾಗಿ ವಾಲುವುದನ್ನು ತಡೆಯಲು ಗಿಂಬಲ್ ಎಂಬ ತಿರುಗು ಚೌಕಟ್ಟು ಬೇಕು. ಗೈರೋ ವಾಲಿಕೆಯನ್ನು ಅರಿತು, ಪುಟ್ಟ ಮೋಟಾರುಗಳು ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತವೆ. ವಿದ್ಯುತ್ ಹರಿಸುವ ಮೊದಲು ಕೈಯಿಂದ ತಿರುಗಿಸಿ ಬಿಟ್ಟು ನೋಡಿ: ಸರಿತೂಕದ ತಕ್ಕಡಿಯಂತೆ ಬಿಟ್ಟಲ್ಲಿ ನಿಲ್ಲಬೇಕು. ತಾನೇ ಜಾರಿದರೆ ಮೋಟಾರು ಸದಾ ಏಗುತ್ತಿರುತ್ತದೆ.

ಕ್ಯಾಮೆರಾವನ್ನು ಮೂತಿಗೆ ಕಟ್ಟಿದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ತೂಕ ಹೊಂದಿಸಬೇಕು. ಕೆಳಗೆ ಕಟ್ಟಿದರೆ ಇಳಿಯುವ ಕಾಲುಗಳು ಕ್ಯಾಮೆರಾಕ್ಕಿಂತ ಉದ್ದವಿರಲಿ. ರೆಕ್ಕೆ ತಿರುಗುವಾಗ ಮಕ್ಕಳನ್ನೂ ದನಗಳನ್ನೂ ಹತ್ತಿರ ಬಿಡಬೇಡಿ.

ಹಣ ಕೊಡುವ ಮುನ್ನ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿ. ನೇರ ಬದು ಅಥವಾ ವಿದ್ಯುತ್ ಕಂಬ ಅಲೆಯಲೆಯಾಗಿ ಕಂಡರೆ ನಡುಕ ತೊಟ್ಟಿಲು ದಾಟಿದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಷಟರ್ ನಿಧಾನವಾಗಿದೆ. ಸೆಕೆಂಡಿಗೆ 5 ಮೀಟರ್ ಸಾಗುವ ಯಂತ್ರ, ಸೆಕೆಂಡಿನ 500ನೇ ಒಂದು ಪಾಲಿನಲ್ಲಿ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 50ನೇ ಒಂದು ಪಾಲಿನಲ್ಲಾದರೆ 10 ಸೆಂಟಿಮೀಟರ್. ಮೊದಲನೆಯದಕ್ಕೆ ರಬ್ಬರ್ ಬದಲಿಸಬೇಕು, ಎರಡನೆಯದಕ್ಕೆ ಷಟರ್ ವೇಗ ಹೆಚ್ಚಿಸಿ ಮತ್ತೊಮ್ಮೆ ಹಾರಿಸಿದರೆ ಸಾಕು.