ಕಲ್ಯಾಣದ ಮಿತಾಕ್ಷರೆಯೂ ಮುಂಗೋಪಿ ಬಾಲಕರ ಶಿಕ್ಷಣವೂ

ಇಂದು ಬೀದರ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದುದೂ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ದಾಯವಿಭಾಗದ ವ್ಯಾಜ್ಯಗಳಲ್ಲಿ ನ್ಯಾಯಸ್ಥಾನಗಳು ಈ ಗ್ರಂಥವನ್ನು ಪ್ರಮಾಣವಾಗಿ ಹಿಡಿದುದರಿಂದ ಅದರ ವ್ಯವಹಾರಾಧ್ಯಾಯವೇ ಹೆಚ್ಚು ಪ್ರಸಿದ್ಧವಾಯಿತು. ಆಚಾರಾಧ್ಯಾಯವನ್ನು ತೆರೆದು ನೋಡುವವರು ವಿರಳ. ಗುರುವು ಶಿಷ್ಯನನ್ನು ಹೊಡೆಯಬಹುದೆ, ಹೊಡೆದರೆ ಎಷ್ಟರಮಟ್ಟಿಗೆ ಎಂಬ ವಿಚಾರವಿರುವುದು ಅಲ್ಲಿಯೇ.

ಯಾರನ್ನೂ ನಿಂದಿಸಬಾರದು, ಹೊಡೆಯಬಾರದು ಎಂದು ವಿಧಿಸುವ ಯಾಜ್ಞವಲ್ಕ್ಯನು ಪುತ್ರನನ್ನೂ ಶಿಷ್ಯನನ್ನೂ ಈ ನಿಷೇಧದಿಂದ ಹೊರಗಿಡುತ್ತಾನೆ. ವ್ಯಾಖ್ಯಾನಕಾರನು ಈ ಅಪವಾದವನ್ನು ತೆರೆದ ಬಾಗಿಲಾಗಿ ಬಿಡಲಿಲ್ಲ. ಹೊಡೆತವು ಶಿಕ್ಷಣಾರ್ಥವಾಗಿಯೇ ಇರಬೇಕು, ಹಗ್ಗವೇ ಮೊದಲಾದುವುಗಳಿಂದ ಆಗಬೇಕು, ತಲೆಯನ್ನು ಮುಟ್ಟಕೂಡದು ಎಂದು ಅದನ್ನು ಬಿಗಿಮಾಡಿ, ಗೌತಮ ಮನುಗಳನ್ನು ಸಾಕ್ಷಿಗೆ ಕರೆಯುತ್ತಾನೆ. ಗೌತಮನ ಮತದಲ್ಲಿ ಹೊಡೆಯದೆ ತಿದ್ದುವುದೇ ಮೊದಲ ಮಾರ್ಗ. ಅದು ಅಶಕ್ಯವಾದಾಗ ಮಾತ್ರ ತೆಳುವಾದ ಹಗ್ಗ ಅಥವಾ ಬಿದಿರಿನ ಸೀಳು. ಬೇರೊಂದರಿಂದ ಹೊಡೆದ ಗುರುವನ್ನು ರಾಜನೇ ದಂಡಿಸತಕ್ಕದ್ದು. ಆಪಸ್ತಂಬನಾದರೋ ಹೆದರಿಸುವುದು, ಉಪವಾಸ, ತಣ್ಣೀರಿನ ಸ್ನಾನ, ಕಣ್ಣೆದುರಿಗೆ ಬರಗೊಡದಿರುವುದು ಎಂಬಿಷ್ಟನ್ನೇ ಹೇಳಿ ಕೋಲಿನ ಮಾತನ್ನೇ ಎತ್ತುವುದಿಲ್ಲ. ಇವೂ ಈಗಿನವರಿಗೆ ಕಠಿಣವಾಗಿ ತೋರಿದರೆ ಆಶ್ಚರ್ಯವಿಲ್ಲ. ಒಟ್ಟಿನಲ್ಲಿ ಈ ಪ್ರಕರಣವೆಲ್ಲವೂ ದಂಡದ ಎಲ್ಲೆಯನ್ನು ಗೊತ್ತುಮಾಡುವುದಾಗಿದೆಯೇ ಹೊರತು, ಸಹಪಾಠಿಯ ಮೇಲೆ ಕೈಯೆತ್ತುವ ಹುಡುಗನ ಒಳಗಿನ ಕೋಪಕ್ಕೆ ಏನು ಮಾಡಬೇಕೆಂಬುದನ್ನು ಹೇಳುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದುದರಿಂದ ಗೌತಮನ ಬಿದಿರಿನ ಸೀಳಿಗೂ ಅವಕಾಶವುಳಿಯಲಿಲ್ಲ. ಆದರೆ ಕೋಲು ಹೋದಮಾತ್ರಕ್ಕೆ ಹೊಡೆದಾಡುವ ಹುಡುಗನು ಶಾಂತನಾಗುವುದುಂಟೆ? ಇಂತಹ ಮಕ್ಕಳಲ್ಲಿ ಅನೇಕರು ಅನ್ಯರ ಅಭಿಪ್ರಾಯವನ್ನು ತಪ್ಪಾಗಿ ಗ್ರಹಿಸುವರೆಂಬುದು ಮನಶ್ಶಾಸ್ತ್ರಜ್ಞರು ಕಂಡುಕೊಂಡ ವಿಷಯ. ನೀರಿನ ನಲ್ಲಿಯ ಬಳಿ ಒಬ್ಬನ ಮೊಣಕೈ ತಗುಲಿದರೆ, ಅದು ಬೇಕೆಂದೇ ಮಾಡಿದ ಕೆಲಸವೆಂದು ಇವನು ನಿಶ್ಚಯಿಸಿಬಿಡುತ್ತಾನೆ. ಆದಕಾರಣ ಸಿಟ್ಟು ಏರುತ್ತಿರುವುದನ್ನು ತಾನೇ ಗುರುತಿಸುವುದು, ಕ್ಷಣಕಾಲ ತಡೆಯುವುದು, ಎದುರಿನವನನ್ನು ಕೇಳಿ ತಿಳಿಯುವುದು, ಬೇರೆ ದಾರಿಯನ್ನು ಯೋಚಿಸುವುದು ಇವನ್ನು ಆಟ ಅಭಿನಯಗಳ ಮೂಲಕ ತರಗತಿಯಲ್ಲಿಯೇ ಅಭ್ಯಾಸ ಮಾಡಿಸುವ ಕ್ರಮಗಳು ಹುಟ್ಟಿದುವು. ಶಾಲೆಗಳಲ್ಲಿ ನಡೆದ ಇಂತಹ ಪ್ರಯತ್ನಗಳ 249 ಅಧ್ಯಯನಗಳನ್ನು 2007ರಲ್ಲಿ ವಿಲ್ಸನ್, ಲಿಪ್ಸೆ ಎಂಬಿಬ್ಬರು ಒಟ್ಟುಗೂಡಿಸಿ ತೂಗಿ ನೋಡಿ, ಫಲವು ಸಾಧಾರಣವಾದರೂ ನಿಜವಾದುದೆಂದೂ, ಹೆಚ್ಚು ತೊಂದರೆಯಲ್ಲಿರುವ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗುವುದೆಂದೂ ತೋರಿಸಿದರು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರೂಪಿಸಿದ ಜೀವನಕೌಶಲ ಶಿಕ್ಷಣವು ಪ್ರೌಢಶಾಲೆಯ ಉಪಾಧ್ಯಾಯರ ಮೂಲಕವೇ ನಡೆಯಿತು. ಪಾಠ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ಮಂದಿಯೊಡನೆ ಹೋಲಿಸಿದ ವರದಿಯು 2010ರಲ್ಲಿ ಪ್ರಕಟವಾಯಿತು. ಆತ್ಮಗೌರವದಲ್ಲಿಯೂ ಉಪಾಧ್ಯಾಯರೊಡನೆ ಹೊಂದಿಕೆಯಲ್ಲಿಯೂ ಮೊದಲಿನವರೇ ಮೇಲು. ಆದರೆ ಓರಗೆಯವರೊಡನೆ ಹೊಂದಿಕೆಯಲ್ಲಿ ಭೇದ ಕಾಣಲಿಲ್ಲ. ಹೊಡೆದಾಟವೆಂಬುದು ಓರಗೆಯವರ ನಡುವೆಯೇ ಹುಟ್ಟುವುದಾದ್ದರಿಂದ ಈ ಕೊರತೆ ಸಣ್ಣದಲ್ಲ. ಬಿಹಾರದ ನಾಲಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವು ಇನ್ನೂ ವಿಚಾರಾರ್ಹವಾದುದು. ಅಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಉಪಾಧ್ಯಾಯರೂ, ಕೆಲವೆಡೆ ಅದಕ್ಕಾಗಿಯೇ ತರಬೇತಿ ಕೊಟ್ಟು ನೇಮಿಸಿದ ಆಪ್ತಸಲಹೆಗಾರರೂ ನಡೆಸಿದರು. ಎರಡನೆಯ ಬಗೆಯ ಶಾಲೆಗಳಲ್ಲಿ ಪೀಡನೆಯೂ ಹಿಂಸೆಯೂ ಇಳಿದುವು; ಮೊದಲನೆಯವುಗಳಲ್ಲಿ ಫಲವೇ ಕಾಣಲಿಲ್ಲ. ಹಾಜರಿ, ಪರೀಕ್ಷೆ, ಬಿಸಿಯೂಟಗಳ ಹೊರೆ ಹೊತ್ತ ಉಪಾಧ್ಯಾಯನ ಮೇಲೆ ಇದನ್ನೂ ಹೇರಿದರೆ ಇನ್ನೇನಾದೀತು? ಅಂಕ ಕೊಡುವವನ ಮುಂದೆ ಹುಡುಗನು ತನ್ನ ಸಿಟ್ಟನ್ನು ಬಿಚ್ಚಿಡುವುದೂ ಸುಲಭವಲ್ಲ.

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಕೂಡಿಕೊಳ್ಳುತ್ತದೆ. ಹುಮನಾಬಾದದ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಉರ್ದು, ಸಂಸ್ಕೃತಗಳಲ್ಲಿ ಪದಗಳನ್ನು ಹಾಡಿದರು. ಈ ಸೀಮೆಯ ಮಕ್ಕಳು ಇಂದಿಗೂ ಹಲವು ಮನೆಮಾತುಗಳಿಂದ ಶಾಲೆಗೆ ಬರುತ್ತಾರೆ. ಕೋಪಕ್ಕೆ ಹೆಸರಿಡುವುದೇ ಈ ಶಿಕ್ಷಣದ ಮೊದಲ ಮೆಟ್ಟಿಲು. ಸಂಸ್ಕೃತದಲ್ಲಿ ಅನುರಕ್ತಿಯನ್ನೂ ಬಣ್ಣವನ್ನೂ ಸೂಚಿಸುವ ‘ರಾಗ’ ಶಬ್ದವು ಕನ್ನಡದ ಬಾಲಕನಿಗೆ ಸಂಗೀತದ ಮಾತು. ಮರಾಠಿಯವನಿಗೆ ಅದೇ ಸಿಟ್ಟು. ಉರ್ದುವಿನ ಮನೆಯವನಿಗೆ ಅದು ಗುಸ್ಸಾ, ತೆಲುಗಿನವನಿಗೆ ಕೋಪಂ. ಕನ್ನಡದೊಳಗೂ ಥಟ್ಟನೆ ಏರಿಳಿಯುವ ಸಿಟ್ಟು ಬೇರೆ, ಬಹುಕಾಲ ಉಳಿಯುವ ಹಗೆ ಬೇರೆ, ಆಪ್ತರ ಮೇಲೆ ತಾಳಿ ಅವರೇ ಬಂದು ಸಂತೈಸಲೆಂದು ಕಾಯುವ ಮುನಿಸು ಬೇರೆ. ‘ಭಾವೋದ್ವೇಗನಿರ್ವಹಣೆ’ ಎಂಬ ಪುಸ್ತಕದ ಮಾತು ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಕೈಪಿಡಿಯನ್ನು ಬರೆಯುವವರು ಈ ಮಾತುಗಳನ್ನು ಮಕ್ಕಳ ಬಾಯಿಂದಲೇ ಕೇಳಿ ಕರಿಹಲಗೆಯ ಮೇಲೆ ಬರೆಯಿಸಿ, ಪಾಠವನ್ನು ಅಲ್ಲಿಂದ ಮೊದಲುಮಾಡಬೇಕು.