ಐದು ದಿನದ ಹಡಗು, ಆರು ಗಂಟೆಯ ದಡ

ನಮ್ಮ ದೀಪಾಂಜಲಿ ನಗರದ ಬೀದಿಯಲ್ಲಿ ಅಪ್ಪ–ಅಮ್ಮಂದಿರ ತಲೆಮಾರಿಗೆ ‘ಟೂರ್’ ಎಂದರೆ ಎರಡೇ ಅರ್ಥ. ಒಂದು, ಧರ್ಮಸ್ಥಳ–ಸುಬ್ರಹ್ಮಣ್ಯ ಅಥವಾ ತಿರುಪತಿ. ಇನ್ನೊಂದು, ಯಾರದ್ದೋ ಮದುವೆಗೆ ಹೋದಾಗ ದಾರಿಯಲ್ಲಿ ಸಿಕ್ಕ ಡ್ಯಾಮು. ಹರಕೆ ಇಲ್ಲದೆ, ನೆಂಟರಿಲ್ಲದೆ, ಗಂಡ–ಹೆಂಡತಿ ಇಬ್ಬರೇ ಸುಮ್ಮನೆ ಊರು ನೋಡಲು ಹೋಗುವುದು ‘ಈ ಕಾಲದ ಹುಡುಗರ ಕೆಲಸ’. ಹಾಗಾಗಿ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ನಮ್ಮಪ್ಪ–ಅಮ್ಮ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೊರಟಾಗ ಪಕ್ಕದ ಮನೆ ಆಂಟಿ ಕೇಳಿದ ಮೊದಲ ಪ್ರಶ್ನೆ, ‘ಅಲ್ಲಿ ಯಾವ ದೇವಸ್ಥಾನ ಇದೆ?’

ಅಪ್ಪ ಎ.ಸಿ., ಫ್ರಿಜ್ ರಿಪೇರಿ ಮಾಡುವ ಮೆಕ್ಯಾನಿಕ್. ಬೇಸಿಗೆ ಬಂದರೆ ಅವರಿಗೆ ಭಾನುವಾರವೂ ಇಲ್ಲ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹಬ್ಬ ಬಂದರೆ ಅವಳಿಗೆ ರಾತ್ರಿಯೂ ಇಲ್ಲ. ಅಮ್ಮ ಇಪ್ಪತ್ತು ತಿಂಗಳು ಕಟ್ಟಿದ ಚೀಟಿ ಎತ್ತಿದ ತಿಂಗಳೇ ನನ್ನ ಕಾಲೇಜು ಫೀಸಿನ ಕಂತೂ ಬಂತು. ‘ಮೊದಲು ಮಗಳ ಫೀಸು, ಆಮೇಲೆ ಹಡಗು’ ಎಂದರು ಅಪ್ಪ. ಅಮ್ಮ ಮೆಷಿನ್ ನಿಲ್ಲಿಸಿ, ‘ಫೀಸಿಗೆ ನಿಮ್ಮ ದುಡ್ಡಿದೆ ಅಲ್ವಾ ರೀ, ಈ ಚೀಟಿ ನಂದು’ ಎಂದಳು. ಮಾತು ಅಲ್ಲಿಗೆ ಮುಗಿಯಿತು. ಮೂರನೇ ವರ್ಷದ ಮೆಕ್ಯಾನಿಕಲ್ ಓದುತ್ತಿರುವ ನನಗೆ ಸಿಕ್ಕಿದ್ದು ಬುಕಿಂಗ್ ಮಾಡುವ ಕೆಲಸ.

ಕ್ರೂಸ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರೀಲ್ಸ್‌ನಲ್ಲಿ ನೋಡುವ ಈಜುಕೊಳ, ಡಿಜೆ, ಹನ್ನೊಂದು ಮಹಡಿಯ ಹಡಗು. ಮುಂಬೈಯಿಂದ ಅಂಥ ಹಡಗುಗಳಿವೆ. ಆದರೆ ನಾನು ಆರಿಸಿದ್ದು ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆಯ ‘ಸಮುದ್ರಂ’ ಪ್ಯಾಕೇಜನ್ನು. ಹಡಗಿನ ಹೆಸರು ಎಂ.ವಿ. ಕವರತ್ತಿ. ಇದು ಮೋಜಿನ ಹಡಗಲ್ಲ, ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುವ ಹಡಗು. ಸುಮಾರು 700 ಜನ ಹಿಡಿಸುತ್ತದೆ, ಅದರಲ್ಲೇ ಪ್ರವಾಸಿಗರಿಗೂ ಜಾಗ. ಕೊಚ್ಚಿಯಿಂದ ಹೊರಟು ಐದು ದಿನದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪ. ದಿನಕ್ಕೊಂದು ದ್ವೀಪದಲ್ಲಿ ಬೆಳಿಗ್ಗೆ ಇಳಿಸುತ್ತಾರೆ, ಊಟ ದಡದಲ್ಲಿ, ಸಂಜೆ ಮತ್ತೆ ಹಡಗು, ನಿದ್ದೆ ಕಡಲಿನ ಮೇಲೆ.

ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ನಾವೂ ನೀವೂ ಬ್ಯಾಗು ಹಿಡಿದು ನೇರ ಹೋಗುವಂತಿಲ್ಲ. ಪ್ರವೇಶ ಪರವಾನಗಿ ಬೇಕು, ಪೊಲೀಸ್ ಠಾಣೆಯ ಕ್ಲಿಯರೆನ್ಸ್ ಬೇಕು. ‘ಇಷ್ಟು ವರ್ಷದಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿರಲಿಲ್ಲ, ಟೂರಿಗೋಸ್ಕರ ಹತ್ತಿಸಿದೆ ನೋಡು’ ಎಂದು ಅಪ್ಪ ನಕ್ಕರು.

ದಾರಿಯೂ ಚೆನ್ನಾಗಿತ್ತು. ದೀಪಾಂಜಲಿ ನಗರ ಮೆಟ್ರೊ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ಕಡೆಗೆ ಹೊರಟರೆ ಐದನೆಯದು ಸಿಟಿ ರೈಲು ನಿಲ್ದಾಣ. ಅಲ್ಲಿಂದ ರಾತ್ರಿ ಕನ್ಯಾಕುಮಾರಿಗೆ ಹೊರಡುವ ಐಲ್ಯಾಂಡ್ ಎಕ್ಸ್‌ಪ್ರೆಸ್. ದ್ವೀಪವೇ ಇಲ್ಲದ ಊರಿಗೆ ಹೋಗುವ ರೈಲಿಗೆ ಈ ಹೆಸರೇಕೆ ಎಂದು ಹುಡುಕಿದೆ. ಹಿಂದೆ ಈ ರೈಲು ಬೆಂಗಳೂರಿನಿಂದ ಕೊಚ್ಚಿಯ ವಿಲ್ಲಿಂಗ್ಟನ್ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿತ್ತಂತೆ. ಬಂದರಿಗಾಗಿ ಹೂಳೆತ್ತಿದ ಮಣ್ಣಿನಿಂದ, ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಮುಂದಾಳತ್ವದಲ್ಲಿ ಕಟ್ಟಿದ ದ್ವೀಪ ಅದು. ಲಕ್ಷದ್ವೀಪದ ಹಡಗು ಹತ್ತುವುದೂ ಅದೇ ವಿಲ್ಲಿಂಗ್ಟನ್ ದ್ವೀಪದಲ್ಲಿ. ರೈಲು ದಾರಿ ಬದಲಿಸಿದರೂ ಹೆಸರು ಹಳೆಯ ವಿಳಾಸವನ್ನು ಬಿಟ್ಟಿಲ್ಲ.

ನನ್ನ ದೊಡ್ಡ ಭಯ ಅಮ್ಮನ ಹೊಟ್ಟೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಎರಡು ತಿರುವು ತಿರುಗುವಷ್ಟರಲ್ಲಿ ನಿಂಬೆಹಣ್ಣು ಮೂಸಲು ಶುರು ಮಾಡುವವಳು ಅವಳು. ಹಡಗಿನ ತೂಗಾಟ ತುದಿಗಳಲ್ಲಿ ಹೆಚ್ಚು, ನಡುವೆ ಮತ್ತು ಕೆಳಗೆ ಕಡಿಮೆ ಎಂದು ಓದಿದ್ದೆ. ತಲೆ ಸುತ್ತಿದರೆ ಮಲಗುವ ಬದಲು ಡೆಕ್ಕಿಗೆ ಬಂದು ದೂರದ ದಿಗಂತ ನೋಡಬೇಕು. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೂ ಕಣ್ಣು ಹೇಳುವುದೂ ಒಂದೇ ಆದರೆ ವಾಂತಿಯ ಕಾಟ ಕಡಿಮೆ. ಇದನ್ನೆಲ್ಲ ಚೀಟಿಯಲ್ಲಿ ಬರೆದು ಮಾತ್ರೆಯ ಜೊತೆ ಕೊಟ್ಟೆ. ಅಮ್ಮ ಮೊದಲ ರಾತ್ರಿ ಒಂದು ಸಲ ಮಾತ್ರ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ಅಪ್ಪ ಅವಳನ್ನು ಡೆಕ್ಕಿಗೆ ಕರೆದುಕೊಂಡು ಹೋದರು. ನಡುಗಡಲಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ‘ಫೋನೂ ಬರಲಿಲ್ಲ, ಕಂಪ್ಲೇಂಟೂ ಬರಲಿಲ್ಲ, ಕುಕ್ಕರೂ ಕೂಗಲಿಲ್ಲ. ಇಬ್ಬರೂ ಎದುರುಬದುರು ಕೂತು ಏನು ಮಾತಾಡೋದು ಅಂತಾನೇ ಅರ್ಧ ಗಂಟೆ ಗೊತ್ತಾಗಲಿಲ್ಲ ಕಣೇ’ ಎಂದು ಅಮ್ಮ ಆಮೇಲೆ ಹೇಳಿದಳು. ಇದು ನನಗೆ ತಮಾಷೆಯಾಗಿ ಕೇಳಿಸಲಿಲ್ಲ.

ದ್ವೀಪ ಕಂಡ ಮಾತ್ರಕ್ಕೆ ದಡ ಸಿಕ್ಕಿತು ಎಂದಲ್ಲ. ಇವು ಹವಳದ ದ್ವೀಪಗಳು. ದಿಬ್ಬದಂತಹ ಹವಳದ ಗೋಡೆ, ಅದರೊಳಗೆ ತಿಳಿ ಹಸಿರು ನೀರಿನ ಲಗೂನು. ಅಲ್ಲಿ ನೀರಿನ ಆಳ ಕಡಿಮೆ, ದೊಡ್ಡ ಹಡಗು ಒಳಗೆ ಬರಲಾಗದು. ಅಪ್ಪ–ಅಮ್ಮ ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕಾಯಿತು. ದೋಣಿ ಅಲೆಯ ಮೇಲೆ ಏರಿದಾಗ ಹೆಜ್ಜೆ ಇಡಬೇಕು, ಇಳಿದಾಗ ಇಡಬಾರದು. ಆಚೆ ಇಬ್ಬರು ದ್ವೀಪದ ಹುಡುಗರು ಕೈ ಹಿಡಿದುಕೊಳ್ಳುತ್ತಾರೆ. ಅಮ್ಮ ಕಣ್ಣು ಮುಚ್ಚಿ ಕಾಲಿಟ್ಟಳಂತೆ. ಮೂರನೇ ದ್ವೀಪಕ್ಕೆ ಬರುವಷ್ಟರಲ್ಲಿ ಅಪ್ಪನಿಗಿಂತ ಮೊದಲು ಅವಳೇ ದೋಣಿಯಲ್ಲಿದ್ದಳು. ಮಳೆಗಾಲದಲ್ಲಿ ಪ್ರವಾಸ ನಿಲ್ಲಿಸಿ ಅಕ್ಟೋಬರಿನಿಂದ ಮೇ ನಡುವಿನವರೆಗೆ ಮಾತ್ರ ಏಕೆ ನಡೆಸುತ್ತಾರೆ ಎಂಬುದು ಆ ಒಂದು ಹೆಜ್ಜೆಯಿಂದಲೇ ಅರ್ಥವಾಗುತ್ತದೆ.

ರಾಜಧಾನಿ ಕವರತ್ತಿಯಲ್ಲಿ ಮರದ ಕೆತ್ತನೆಗೆ ಹೆಸರಾದ ಉಜ್ರ ಮಸೀದಿಯಿದೆ. ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಿದ್ದರೆ ಅಪ್ಪ ವಿಚಾರಿಸಿದ್ದು ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಘಟಕವನ್ನು. ಈ ದ್ವೀಪಗಳಲ್ಲಿ ನದಿ ಇಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಇಲ್ಲಿ ಶುರು ಮಾಡಿದ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ನಮ್ಮ ಬೀದಿಗೆ ಬರುವ ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್‌ಗಿಂತ ತುಸು ಹೆಚ್ಚು.

ರಾತ್ರಿ ಸಿಗ್ನಲ್ ಸಿಗುವುದಿಲ್ಲವೆಂದು ಅಪ್ಪ ದಡದಿಂದಲೇ ಫೋನ್ ಮಾಡಿದರು. ‘ನಾನು ಎ.ಸಿ.ಗೆ ಗ್ಯಾಸ್ ತುಂಬೋ ಮೊದಲು ವ್ಯಾಕ್ಯೂಮ್ ಪಂಪ್ ಹಾಕ್ತೀನಲ್ಲ, ಯಾಕೆ ಹೇಳು?’ ಎಂದರು. ಪೈಪಿನೊಳಗಿನ ತೇವ ಹೋಗಲಿ ಎಂದು. ಒತ್ತಡ ಇಳಿಸಿದರೆ ನೀರು ಬೆಂಕಿಯಿಲ್ಲದೆ, ರೂಮಿನ ಬಿಸಿಯಲ್ಲೇ ಕುದಿದು ಆವಿಯಾಗುತ್ತದೆ. ‘ಇಲ್ಲೂ ಅದೇ ಕಣೇ!’ ಮೇಲಿನ ಕಡಲ ನೀರು ಸುಮಾರು 28 ಡಿಗ್ರಿ. ಅದನ್ನು ನಿರ್ವಾತದ ತೊಟ್ಟಿಗೆ ಬಿಟ್ಟರೆ ಒಂದಷ್ಟು ಆವಿಯಾಗುತ್ತದೆ, ಉಪ್ಪು ಹಿಂದುಳಿಯುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆಯ ನೀರು ಆ ಆವಿಯನ್ನು ತಣಿಸಿ ಸಿಹಿನೀರು ಮಾಡುತ್ತದೆ. ನನ್ನ ಸ್ಟೀಮ್ ಟೇಬಲ್ ತೆಗೆದು ನೋಡಿದೆ. 28 ಡಿಗ್ರಿಗೆ ನೀರು ಕುದಿಯಬೇಕಾದರೆ ಒತ್ತಡ ವಾತಾವರಣದ ಸುಮಾರು ಇಪ್ಪತ್ತೇಳರಲ್ಲಿ ಒಂದು ಪಾಲಿಗೆ ಇಳಿಯಬೇಕು. ಪರೀಕ್ಷೆಗೆಂದು ಮಾತ್ರ ತೆರೆಯುತ್ತಿದ್ದ ಪುಸ್ತಕದ ಆ ಸಾಲು ನನಗೆ ಅಪ್ಪನ ಕೆಲಸದ ಬ್ಯಾಗಿನೊಳಗೆ ಮೊದಲಿನಿಂದಲೂ ಇತ್ತು ಎಂದು ಅನ್ನಿಸಿತು.

ಕಲ್ಪೇನಿ ಅಮ್ಮನ ದ್ವೀಪ. ತಿಲಕ್ಕಂ, ಪಿಟ್ಟಿ ಎಂಬ ಸಣ್ಣ ನಡುಗಡ್ಡೆಗಳನ್ನು ಒಳಗಿಟ್ಟುಕೊಂಡ ದೊಡ್ಡ ಲಗೂನು ಅಲ್ಲಿದೆ. 1847ರ ಭಾರಿ ಚಂಡಮಾರುತ ಎಸೆದ ಹವಳದ ಬಂಡೆಗಳು ಪೂರ್ವ ದಂಡೆಯಲ್ಲಿ ರಾಶಿ ಬಿದ್ದಿವೆ. ಕೆಂಗೇರಿ ಕೆರೆಯಲ್ಲೂ ಕಾಲು ಅದ್ದದ ಅಮ್ಮ ಚೂಡಿದಾರದಲ್ಲೇ ಕುತ್ತಿಗೆವರೆಗೆ ನೀರಿಗಿಳಿದು, ಮುಖಕ್ಕೆ ಕನ್ನಡಕ ಕಟ್ಟಿಸಿಕೊಂಡು ತಲೆ ಮುಳುಗಿಸಿದಳು. ಅಪ್ಪ ತೆಗೆದ ಫೋಟೊದಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತದೆ. ದೇವರ ಮನೆಗೆ ಇರಲಿ ಎಂದು ಒಂದು ಹವಳದ ತುಂಡು ಎತ್ತಿಕೊಳ್ಳಹೋದಾಗ ಗೈಡ್ ನಯವಾಗಿ ತಡೆದರು. ಹವಳ ಕಲ್ಲಲ್ಲ, ಜೀವಿಗಳು ಕಟ್ಟಿದ ಮನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತುಂಡನ್ನೂ ತರುವಂತಿಲ್ಲ. ‘ಗೋಡೆ ಕಲ್ಲು ಒಂದೊಂದೇ ಎಲ್ಲರೂ ಒಯ್ದರೆ ಮನೆ ಎಲ್ಲಿ ಉಳಿಯುತ್ತೆ’ ಎಂದುಕೊಂಡು ಅಮ್ಮ ಖಾಲಿ ಕೈಯಲ್ಲಿ ಬಂದಳು.

ಮಿನಿಕಾಯ್ ಬೇರೆಯೇ ಲೋಕ. ಉಳಿದ ದ್ವೀಪಗಳಲ್ಲಿ ಮಲಯಾಳ ಬಗೆಯ ಮಾತು, ಇಲ್ಲಿ ಮಾಲ್ಡೀವ್ಸ್ ಭಾಷೆಗೆ ಹತ್ತಿರದ ಮಹಲ್. ನಕ್ಷೆಯಲ್ಲೂ ಕೇರಳಕ್ಕಿಂತ ಮಾಲ್ಡೀವ್ಸೇ ಹತ್ತಿರ. 1885ರ ಎತ್ತರದ ದೀಪಸ್ತಂಭವನ್ನು ಇಬ್ಬರೂ ಹತ್ತಿದರು. ಈ ಊರಿನ ಗಂಡಸರು ತಲೆಮಾರುಗಳಿಂದ ಜಗತ್ತಿನ ಸರಕು ಹಡಗುಗಳಲ್ಲಿ ದುಡಿದವರು. ಕೆಳಗೆ ಸಿಕ್ಕ ನಿವೃತ್ತ ನಾವಿಕರೊಬ್ಬರು ಅಪ್ಪನ ಕೆಲಸ ಕೇಳಿ, ಹಡಗಿಗೂ ಫ್ರಿಜ್ ಮೆಕ್ಯಾನಿಕ್ ಬೇಕೇ ಬೇಕು ಎಂದರಂತೆ. ಕೋರ್ ಕಂಪನಿ ಬರಲಿಲ್ಲ ಎಂದು ಕೊರಗುವ ನನ್ನಂಥ ಮೆಕ್ಯಾನಿಕಲ್‌ನವರು ಗಮನಿಸಬೇಕಾದ ಮಾತು ಇದು. ಬಿ.ಇ. ಮುಗಿಸಿದವರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಮಾನ್ಯತೆಯ ಸುಮಾರು ಒಂದು ವರ್ಷದ ಮರೈನ್ ಎಂಜಿನಿಯರಿಂಗ್ ಕೋರ್ಸ್‌ಗಳಿವೆ. ಮಾನ್ಯತೆ ಇದೆಯೇ ಎಂದು ಇಲಾಖೆಯ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕಟ್ಟಬೇಕು.

ಅವರು ತಂದ ಕತೆಗಳನ್ನು ಕೇಳುತ್ತಾ ನನಗೆ ಹೊಳೆದದ್ದು ಇಷ್ಟು. ಹಡಗಿನ ಪ್ರವಾಸದಲ್ಲಿ ನಾವು ದುಡ್ಡು ಕೊಡುವುದು ಹಡಗಿಗೆ, ಆದರೆ ನೆನಪಿನಲ್ಲಿ ಉಳಿಯುವುದು ದಡದ ಆರೇಳು ಗಂಟೆ. ಆ ಗಂಟೆಗಳು ನಮ್ಮವಲ್ಲ, ಅಲ್ಲಿ ಬದುಕುವವರದ್ದು. 36 ದ್ವೀಪ, ಜನವಸತಿ ಇರುವುದು 10ರಲ್ಲಿ, ಒಟ್ಟು ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನ 64 ಸಾವಿರ. 2024ರ ಜನವರಿಯಲ್ಲಿ ಪ್ರಧಾನಿ ಭೇಟಿಯ ನಂತರ ಎಲ್ಲರಿಗೂ ಲಕ್ಷದ್ವೀಪ ಬೇಕಾಯಿತು. ಲೀಟರ್ ಲೆಕ್ಕದಲ್ಲಿ ಕಡಲಿನಿಂದ ನೀರು ತೆಗೆಯುವ ಊರಿಗೆ ಎಷ್ಟು ಜನ ಒಟ್ಟಿಗೆ ಹೋಗಬಹುದು? ಕಿರಿಕಿರಿ ಎನಿಸಿದ ಪರವಾನಗಿಯ ಹಿಂದೆ ಒಂದು ನ್ಯಾಯವೂ ಇದೆ ಎಂದು ಈಗ ಅನ್ನಿಸುತ್ತದೆ.

ಇದು ನಮಗೆ ದೂರದ ಮಾತೂ ಅಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅವರು ಬಸ್ಸು ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸೇಂಟ್ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ ನೋಡಿ ಸಂಜೆ ಮರಳುತ್ತಾರೆ. ಅವರ ‘ಆರು ಗಂಟೆಯ ದಡ’ ನಾವೇ. ಲಕ್ಷದ್ವೀಪಕ್ಕೂ ಮಂಗಳೂರಿಗೂ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು ಟಿಪ್ಪುವಿನ ಆಡಳಿತದಲ್ಲಿದ್ದು, 1799ರ ನಂತರ ಬ್ರಿಟಿಷರ ಕೆನರಾಕ್ಕೆ ಸೇರಿದವು. ದಕ್ಷಿಣ ಕನ್ನಡದಿಂದ ಅವು ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದದ್ದು 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ. ಇಂದಿಗೂ ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಹಡಗುಗಳು ಆ ಕಡೆ ಹೋಗುತ್ತವೆ.

ಹೋಗುವ ಆಸೆಯಿರುವ ಗೆಳೆಯರಿಗೆ ಎರಡು ಮಾತು. ಪೊಲೀಸ್ ಕ್ಲಿಯರೆನ್ಸ್‌ಗೆ ತಿಂಗಳುಗಟ್ಟಲೆ ಮೊದಲೇ ಓಡಾಡಿ, ಹಡಗಿನ ಜಾಗ ಬೇಗ ತುಂಬುತ್ತದೆ. ಸಾಧ್ಯವಾದರೆ ನಿಮ್ಮ ಗ್ಯಾಂಗಿಗಿಂತ ಮೊದಲು ಮನೆಯವರನ್ನು ಕಳುಹಿಸಿ. ಅವರ ‘ಆಮೇಲೆ ನೋಡೋಣ’ ಎಂಬುದಕ್ಕೆ ಬಹುತೇಕ ನಮ್ಮ ಫೀಸೇ ಕಾರಣ.

ಬಂದ ಮೇಲೆ ಅಮ್ಮ ಖರ್ಚಿನ ಪುಸ್ತಕದಲ್ಲಿ ಲೆಕ್ಕ ಬರೆದಳು. ರೈಲು, ಹಡಗು, ಮಾತ್ರೆ, ಟ್ಯೂನಾ ಉಪ್ಪಿನಕಾಯಿ ಒಂದು ಬಾಟಲಿ. ಒಟ್ಟು ಅಪ್ಪನ ಎರಡು ತಿಂಗಳ ದುಡಿಮೆ. ‘ಜಾಸ್ತಿ ಆಯ್ತಾ?’ ಎಂದೆ. ಅಪ್ಪ ಟೂಲ್ ಬ್ಯಾಗು ಹೆಗಲಿಗೇರಿಸಿ, ‘ಅದರಲ್ಲಿ ನಿಮ್ಮಮ್ಮ ಐದು ದಿನ ಅಡುಗೆ ಮಾಡಿಲ್ಲ, ಅದನ್ನ ಕಳಿ’ ಎಂದು ಕೆಲಸಕ್ಕೆ ಹೊರಟರು. ಅಮ್ಮ ಹೊಸ ಚೀಟಿಗೆ ಸೇರಿದ್ದಾಳೆ. ಯಾವುದಕ್ಕೆ ಎಂದು ಇನ್ನೂ ಬಾಯಿಬಿಟ್ಟಿಲ್ಲ.